ಎರಡು ಸಲ ಬಂದ ಎರಡು ಗಂಟೆ

ಬ್ಯಾಲರಾಟಿನಲ್ಲಿ ಈಸ್ಟರ್ ಬರುವುದು ಎಲೆ ಉದುರುವಾಗ,
ಹೀಟರಿನ ಕಿವಿ ಮೊದಲ ಸಲ ಹಿಂಡುವ ವಾರ.
ಈ ವರ್ಷ ಗಡಿಯಾರ ಹಿಂದಿಡುವ ರಾತ್ರಿಯೂ ಅದೇ:
ಮೂರಾಗುತ್ತಲೇ ಮತ್ತೆ ಎರಡು.
ರಾತ್ರಿಪಾಳಿಯವರಿಗೆ ಒಂದು ತಾಸು ಹೆಚ್ಚಿನ ದುಡಿಮೆ.
"ಸರ್ಕಾರದ ಹಬ್ಬದ ಉಡುಗೊರೆ" ಎಂದು ನಕ್ಕಳು ಲುಸ್ವಿಮಿಂಡಾ,
ಡಯಾಪರಿನ ಪೆಟ್ಟಿಗೆ ಒಡೆಯುತ್ತ.

ಏಳನೇ ಕೋಣೆಯ ಮರ್ಲ್
ಎರಡು ನಲವತ್ತಕ್ಕೆ ಉಸಿರು ನಿಲ್ಲಿಸಿದಳು.
ಮೊದಲನೇ ಎರಡು ನಲವತ್ತಕ್ಕೆ.
ಕಿಟಕಿ ತೆರೆದೆ, ಅದು ನಮ್ಮ ವಾರ್ಡಿನ ರೂಢಿ.
ಚಳಿ ಒಳಗೆ ಬಂತು; ಹೊರಗೆ ಏನು ಹೋಯಿತೋ ಕಾಣಲಿಲ್ಲ.

ಬಿಸಿನೀರು, ಎರಡು ಟವೆಲ್, ಲ್ಯಾವೆಂಡರ್ ಸೋಪು.
ಬೆರಳ ಸಂದು, ಕಿವಿಯ ಹಿಂದೆ,
ಮೊಲೆ ತೆಗೆದ ಎದೆಯ ಹಳೇ ಹೊಲಿಗೆ.
ಒರೆಸುತ್ತ ನೆನಪಾದರು ಆ ಹೆಂಗಸರು:
ನಸುಕಿನಲ್ಲಿ ಪರಿಮಳದೆಣ್ಣೆ ಹಿಡಿದು ಹೊರಟವರು,
ಕಲ್ಲು ಸರಿಸುವವರ್ಯಾರೆಂದು ದಾರಿಯುದ್ದಕ್ಕೂ ತಳಮಳಿಸಿದವರು.
ಬೆಟಗೇರಿಯ ಚರ್ಚಿನಲ್ಲಿ ವರ್ಷವರ್ಷವೂ ಕೇಳಿದ್ದೆ,
ಹೊಳೆದಿರಲಿಲ್ಲ: ಅವರು ಹೋದದ್ದು ಹಬ್ಬಕ್ಕಲ್ಲ,
ನನ್ನ ಕೆಲಸಕ್ಕೆ.
ಅಲ್ಲಿ ಮಾಡಲು ಕೆಲಸವೇ ಉಳಿಯದೆ
ಆ ಎಣ್ಣೆಯ ಕುಡಿಕೆ ಏನು ಮಾಡಿದರೋ ಆಮೇಲೆ?

ತಲೆ ಬಾಚುವಷ್ಟರಲ್ಲಿ ಫೋನಿನಲ್ಲಿ ಮತ್ತೆ ಎರಡು.
ಎರಡು ಹತ್ತು. ಎರಡು ಇಪ್ಪತ್ತು.
ಮರ್ಲ್ ಬದುಕಿದ್ದ ಗಳಿಗೆಗಳು
ಒಂದೊಂದಾಗಿ ಹಿಂದಿರುಗಿದವು, ಅವಳೊಬ್ಬಳನ್ನು ಬಿಟ್ಟು.
ನಾಚಿಕೆ ಬಿಟ್ಟು ಹೇಳುತ್ತೇನೆ,
ಎರಡು ಮೂವತ್ತೊಂಬತ್ತಕ್ಕೆ ಬಾಚಣಿಗೆ ಕೆಳಗಿಟ್ಟು
ಅವಳ ಮೂಗನ್ನೇ ನೋಡುತ್ತ ನಿಂತೆ.
ನಲವತ್ತು.
ನಲವತ್ತೊಂದು.
ಹೊದಿಕೆ ಅಲುಗಲಿಲ್ಲ.
"ರಿಜಿಸ್ಟರಿನಲ್ಲಿ ಯಾವ ಎರಡು ನಲವತ್ತು ಬರೆಯಲಿ, ಕೃಪಾವತಿ?"
"ಮೊದಲನೆಯದು" ಅಂದೆ.

ಡ್ರಾಯರಿನಲ್ಲಿ ಕಾಗದದ ಚೀಲ, ಮೇಲೆ ಪೆನ್ಸಿಲ್ಲಿನ ನಡುಗಕ್ಷರ:
ಡ್ಯಾಫೋಡಿಲ್. ಈಸ್ಟರ್ ಆದ ಮೇಲೆ. ಮಣ್ಣು ತಣ್ಣಗಾಗಲಿ.
ತೊಂಬತ್ತೊಂದರ ಮುದುಕಿ
ಆಗಸ್ಟಿನ ಹೂವಿಗೆ ಈಗಲೇ ದುಡ್ಡು ತೆತ್ತಿದ್ದಳು.

ಏಳಕ್ಕೆ ಪಾಳಿ ಬಿಟ್ಟಾಗ ಓಕ್ ಮರದಡಿ ಒದ್ದೆ ಎಲೆಯ ಹಾಸು,
ದಿನ್ನೆಯ ಮೇಲಿನ ಚರ್ಚಿನ ಗಂಟೆ.
ಹೋಗಬೇಕಿತ್ತು; ಹೋಗಲಿಲ್ಲ.
ಅಡಿಗೆಮನೆಯ ದೊಡ್ಡ ಚಮಚದಿಂದ
ಏಳನೇ ಕೋಣೆಯ ಕಿಟಕಿಯ ಕೆಳಗೆ ಅಗೆದೆ.
ಒಣಗಿದ ಈರುಳ್ಳಿಯಂಥ ಹದಿಮೂರು ಗಡ್ಡೆ;
ಯಾವುದು ತಲೆ, ಯಾವುದು ಬೇರು, ನಿದ್ದೆಗಣ್ಣಿಗೆ ತಿಳಿಯದೆ
ಒಂದೆರಡನ್ನು ತಲೆಕೆಳಗಾಗಿಯೇ ಹೂತೆನೇನೋ.

"ಬಿಡು, ತಾವೇ ತಿರುಗಿಕೊಳ್ಳುತ್ತವೆ" ಅಂದಳು ಲುಸ್ವಿಮಿಂಡಾ,
ಕಾರಿನ ಬೀಗದಕೈ ಹುಡುಕುತ್ತ,
"ಕತ್ತಲಲ್ಲಿ ಅವಕ್ಕೆ ಇನ್ನೇನು ಕೆಲಸ?"