ಉದ್ದೇಶ: ಗೆದ್ದಲು

ರಿಜಿಸ್ಟರಿನಲ್ಲಿ ಬರೆದೆ. ಎಲ್ಲಿಂದ: ಹನುಮಂತನಗರ.
ಮುಂದೆ ಎಲ್ಲಿಗೆ: ಹನುಮಂತನಗರ.
ಬಂದ ಉದ್ದೇಶ, ಪೆನ್ನು ತುಸು ತಡೆದು: ಗೆದ್ದಲು.
ಆಂಜಿನಪ್ಪನವರು ಕನ್ನಡಕ ಏರಿಸಿ ಓದಿ
ನಗದೆ ಸೀಲು ಒತ್ತಿದರು.

ಮನೆಗೆ ಔಷಧಿ ಹೊಡೆಸಿದ್ದೆವು.
ಮೂರು ರಾತ್ರಿ ಒಳಗೆ ಮಲಗಬಾರದಂತೆ.
ಯಜಮಾನರು ತುಮಕೂರಿಗೆ, ತಂಗಿಯ ಮನೆಗೆ.
ನನಗೆ ಅವರ ತಂಗಿಯೂ ಬೇಡ, ತುಮಕೂರೂ ಬೇಡ.
ಅರವತ್ತೊಂದು ವರ್ಷ ಇದೇ ಊರಲ್ಲಿದ್ದು
ಒಮ್ಮೆಯೂ ಇಲ್ಲಿ ಅತಿಥಿಯಾಗಿರಲಿಲ್ಲ.

ಬಾಗಲೂರು ಕ್ರಾಸ್ ದಾಟಿ, ಎಡಕ್ಕೆ, ಜಲ್ಲಿಯ ದಾರಿ.
"ಫ್ಲೈಟ್ ಎಷ್ಟೊತ್ತಿಗೆ ಆಂಟಿ?" ಅಂದಿದ್ದ ಕ್ಯಾಬಿನ ಹುಡುಗ.

ಆರು ಕೋಣೆ. ಅಂಗಳದಲ್ಲಿ ಸಾಲು ಕಲ್ಲುಕಂಬ,
ಒಂದು ಕಾಲಕ್ಕೆ ದ್ರಾಕ್ಷಿ ಚಪ್ಪರ ಹೊತ್ತವು.
ಈಗ ಪುಟ್ಟ ಬಲ್ಬುಗಳ ಸರ ತೂಗಿಕೊಂಡು
ಮದುವೆ ಮನೆಗೆ ಬಂದ ದೊಡ್ಡಪ್ಪಂದಿರ ಹಾಗೆ
ಸುಮ್ಮನೆ ನಿಂತಿವೆ.
ಪಿಳ್ಳಮ್ಮಜ್ಜಿ ಮುಂಜಾನೆ ಒಂದೊಂದರ ಬುಡಕ್ಕೂ
ತಂಬಿಗೆ ನೀರು ಹೊಯ್ಯುತ್ತಾಳೆ.
ಬಳ್ಳಿಯೇ ಇಲ್ಲವಲ್ಲಜ್ಜಿ?
"ಗೊತ್ತದೆ ಕಣಮ್ಮ. ಕೈ ಸುಮ್ಕಿರಕಿಲ್ಲ."

ನನಗೆ ನಾಲ್ಕನೇ ಕೋಣೆ.
ಹಾಸಿಗೆಯ ಮೇಲೆ ಟವಲಿನಲ್ಲಿ ಮಾಡಿಟ್ಟ ಹಂಸ,
ಕತ್ತು ನಿಲ್ಲದೆ ದಿಂಬಿಗೆ ಒರಗಿತ್ತು.
ಮೆನುವಿನಲ್ಲಿ ಪಾಸ್ತಾ. ವರಲಕ್ಷ್ಮಿ ಬಗ್ಗಿ
ಕಿವಿಯ ಹತ್ತಿರ ಕೇಳಿದಳು:
"ನಮಗೇಂತ ಹಿದಕಬೇಳೆ ಸಾರು ಮಾಡಿದೀನಿ, ಬಡಿಸ್ಲಾ?"

ಮರುದಿನ ಏಳಕ್ಕೆ ಬಾಗಿಲು ತಟ್ಟಿದ ಸದ್ದು.
ಯೂನಿಫಾರಂ, ಒಂದೇ ಜಡೆಗೆ ರಿಬ್ಬನ್, ಇನ್ನೊಂದು ಬಾಯಲ್ಲಿ.
"ಆಂಟಿ, ಜಾಮಿಟ್ರಿ ಬಾಕ್ಸು ಬೀರುವಿನೊಳಗಿದೆ.
ಅಮ್ಮಂಗೆ ಹೇಳ್ಬೇಡಿ."

ಬೀರುವಿನ ಬಾಗಿಲಿನ ಒಳಮೈಗೆ
ಅರ್ಧ ಕೆರೆದು ತೆಗೆದ ಟೈಂಟೇಬಲ್ಲು.
ಮಂಗಳವಾರ ಪಿ.ಟಿ. ಬುಧವಾರದ ಜಾಗದಲ್ಲಿ ಬರೀ ಗೋಂದು.
ಕೆಳಗಿನ ಖಾನೆಯಲ್ಲಿ, ಹೆಚ್ಚುವರಿ ರಗ್ಗುಗಳ ಹಿಂದೆ,
ಬಾಕ್ಸು, ಒಂದು ಶೂ, ಒಣಗಿದ ಸ್ಕೆಚ್ ಪೆನ್ನುಗಳು.

ಆ ರಾತ್ರಿ ನೀರಿಗೆಂದು ಎದ್ದೆ.
ಊಟದ ಹಾಲಿನಲ್ಲಿ ಮೇಜುಗಳನ್ನು ಗೋಡೆಗೆ ಸರಿಸಿ
ಚಾಪೆಯ ಮೇಲೆ ಮೂವರು,
ಫ್ರಿಜ್ಜಿನ ಪಕ್ಕ ಮಂಚದಲ್ಲಿ ಅಜ್ಜಿ.
ಹುಡುಗಿಯ ಕಾಲು ಅಪ್ಪನ ಹೊಟ್ಟೆಯ ಮೇಲೆ.
ತಲೆಯ ಮೇಲೊಂದು ವಿಮಾನ ಇಳಿಯಿತು,
ಲೋಟಗಳು ಕಿಣಿಗುಟ್ಟಿದವು. ಯಾರೂ ಮಗ್ಗುಲಾಗಲಿಲ್ಲ.
ನೀರು ಕುಡಿಯದೆ ಬಂದೆ.

ಮೂರನೆಯ ದಿನ ಔಷಧಿಯವನ ಫೋನು:
"ವಾಸನೆ ಇದೆ ಮೇಡಂ, ಇನ್ನೆರಡು ದಿನ ಅಲ್ಲೇ ಇರಿ."
ಆಂಜಿನಪ್ಪ ಆಗಲೇ ರಿಜಿಸ್ಟರ್ ತೆರೆದು ಕೂತಿದ್ದರು.
"ನಾಲ್ಕು ಖಾಲಿ ಇದೆ, ಧಾರಾಳವಾಗಿ ಇರಿ."
ಅವರ ಬೆನ್ನ ಹಿಂದೆ ಲಿಖಿತ
ಶೂ ಲೇಸು ಕಟ್ಟುವುದನ್ನು ನಿಲ್ಲಿಸಿದಳು.

ವಾಸನೆ ನನಗೆ ಆಗಿಬರುತ್ತೆ, ಅಂದೆ.
ಬಿಲ್ಲಿನಲ್ಲಿ ಹಿದಕಬೇಳೆ ಸಾರು ಇರಲಿಲ್ಲ.
ಜಗಳಾಡಿದೆ. ಸೋತೆ.
ಅಜ್ಜಿ ಒಂದು ಸೌತೆಕಾಯಿ ಕೊಟ್ಟಳು, ಯಾಕೆಂದು ಹೇಳಲಿಲ್ಲ.

ಹನುಮಂತನಗರದಲ್ಲಿ ಕಿಟಕಿಗಳನ್ನೆಲ್ಲ ತೆರೆದು
ಸೆರಗು ಮೂಗಿಗೆ ಕಟ್ಟಿಕೊಂಡು
ನನ್ನದೇ ಕೋಣೆಯ ಮುಂದೆ ನಿಂತವಳು
ಬಾಗಿಲು ತಟ್ಟಿದೆ.
ಆಮೇಲೆ ನಗು ಬಂತು, ಕೆಮ್ಮೂ ಬಂತು.
ಸೌತೆಕಾಯಿ ಕಹಿಯಿತ್ತು; ಪೂರ್ತಿ ತಿಂದೆ.