ಮುಚ್ಚಳ

ಹಂಪನಕಟ್ಟೆಯ ಎರಡನೇ ಮಹಡಿಯಲ್ಲಿ
ಫ್ಯಾನಿನ ಗಾಳಿಗೆ ಹಾರದಂತೆ
ನಕ್ಷೆಯ ಮೂಲೆಗೆ ಸ್ಟೇಪ್ಲರ್ ಇಟ್ಟು
ಏಜೆಂಟ್ ಹುಡುಗ ಹೇಳುತ್ತಾನೆ:
ಬೆಟ್ಟ ಮಲಗಿದ್ದರೆ ಬಾಯಂಚಿನವರೆಗೂ ಬಿಡುತ್ತಾರೆ ಮೇಡಂ,
ಎದ್ದರೆ ಗೇಟು ಬಂದ್.
ಹಣ ವಾಪಸಿಲ್ಲ.

ಫ್ಲೋಸಿ ನನ್ನ ಮೊಣಕೈ ತಿವಿಯುತ್ತಾಳೆ.
ನಾಲ್ಕು ವರ್ಷದ ಚೀಟಿ ಹಣ, ಇಬ್ಬರದೂ;
ಅಷ್ಟರಲ್ಲಿ ಎರಡೆಳೆ ಸರ ಬರುತ್ತಿತ್ತೆಂದು
ಅವಳ ಅತ್ತಿಗೆ ಲೆಕ್ಕ ಹಾಕಿ ಆಗಿದೆ.

ಗಂಧಕದ ಹೊಗೆಗೆ ಮಾಸ್ಕು,
ದಪ್ಪ ಅಟ್ಟೆಯ ಬೂಟು,
ರಾತ್ರಿ ಚಳಿಯಂತೆ, ಸ್ವೆಟರು.
ಮಂಗಳೂರಲ್ಲಿ ಯಾರ ಮನೆಯಲ್ಲಿದೆ ಸ್ವೆಟರು?

ಫಾರ್ಮಿನಲ್ಲಿ ಒಂದು ಖಾಲಿ ಗೆರೆ:
ಪ್ರಯಾಣದ ಉದ್ದೇಶ.

ಬೋಳಾರದ ಹಂಚಿನ ಕಾರ್ಖಾನೆ.
ಬುತ್ತಿ ಹಿಡಿದು ಭಟ್ಟಿಯ ನೆತ್ತಿ ಹತ್ತಿದರೆ
ಚಪ್ಪಲಿಯೊಳಗೇ ಅಂಗಾಲು ಸುಡುತ್ತಿತ್ತು.
ಐತಪ್ಪ ಮಾವ ಕೊಕ್ಕೆಯಿಂದ
ಕಬ್ಬಿಣದ ಮುಚ್ಚಳ ಎತ್ತಿ "ತೂಲ" ಎಂದ.
ಒಂದೇ ಗಳಿಗೆ.
ಕೆಳಗೆ ಸಾಲುಸಾಲು ಹಂಚು, ಕೆಂಪಲ್ಲ,
ಕೆಂಪು ದಾಟಿದ ಇನ್ನೇನೋ ಬಣ್ಣ.
ಹೆಸರು ಕೇಳುವಷ್ಟರಲ್ಲಿ
ಠಣ್ಣೆಂದು ಮುಚ್ಚಿ, ಗಂಜಿಗೆ ಕೂತ.
ಉಪ್ಪಿನಕಾಯಿ ಮರೆತಿದ್ದೆ. ಬೈದ.

ಈಗಲ್ಲಿ ಒಂಬತ್ತು ಮಾಳಿಗೆ. ಹಂಚಿಲ್ಲ.

"ಏನು ಬರೆಯಲಿ?" ಹುಡುಗ ಪೆನ್ನು ತಟ್ಟುತ್ತಾನೆ.
"ಟೂರಿಸಂ ಅಂತ ಹಾಕು ಮಾರಾಯ," ಅನ್ನುತ್ತಾಳೆ ಫ್ಲೋಸಿ,
"ಬಸ್ಸಿಗೆ ಹೊತ್ತಾಯಿತು."
ಹಾಕಲಿ.
ನಾನು ಕೇಳುವುದು ಇಷ್ಟೇ:
ಗೇಟು ಬಂದಾದ ರಾತ್ರಿ
ಎಷ್ಟು ದೂರದಿಂದ ಕಾಣಿಸುತ್ತದೆ?