ಇಪ್ಪತ್ತಕ್ಕೆ ಎಷ್ಟು

ಮಾರ್ಚ್ ಕೊನೆ. ಲೂಯಿಸ್ಟನ್ನಿನ ಕಾಲುವೆಯಲ್ಲಿ ಮಂಜುಗಡ್ಡೆ
ಸೀಳುವ ಸದ್ದು ಅಡುಗೆಮನೆಗೂ ಕೇಳುತ್ತದೆ.
ಚಹಾ ಆರಿದೆ. ಇಪ್ಪತ್ತಾರು ಜಾಲತಾಣಗಳಲ್ಲಿ
ಹನ್ನೊಂದು ಉಳಿದಿವೆ.

ಕೆಲಸ ಕೊಟ್ಟವಳು ನಾನೇ:
ಹಲವು ನಾಡಿನ ಸಾಹಿತ್ಯ, ಐದು ಪುಟ, ಮೂರು ಕೊಂಡಿ,
ಒಂದು ಚಿತ್ರ ಕಡ್ಡಾಯ.
ಎಷ್ಟು ಸಲೀಸಾಗಿ ಹೇಳಿಬಿಟ್ಟೆ,
ಅಂಗಡಿಗೆ ಚೀಟಿ ಬರೆದುಕೊಟ್ಟ ಹಾಗೆ.
ಮಕ್ಕಳೂ ತಂದರು: ಬಾವುಟ, ಡೋಲು, ಸೂರ್ಯಾಸ್ತ,
ಒಂದು ಆನೆ, ಯಾವ ಕಾಡಿನದೋ.

ಕಳೆದ ವಾರ ನಾಹೋಮ್‌ನ ಪುಟ ತೆರೆದರೆ
ಬರೀ ಚೌಕ. ಸಾಲು ಸಾಲು ಖಾಲಿ ಚೌಕ,
ಇಟ್ಟಿಗೆ ತುಂಬಿ ಮುಚ್ಚಿದ
ನಮ್ಮ ಬಟ್ಟೆಗಿರಣಿಯ ಕಿಟಕಿಗಳ ಹಾಗೆ.
'ಸರಿಪಡಿಸು' ಎಂದು ಕೆಂಪಿನಲ್ಲಿ ಬರೆದೆ.
ಮರುದಿನ ಗಾಜು ಒಡೆದ ಫೋನು ಚಾಚಿದ:
ಅಲ್ಲಿ ಅವನ ಅಮ್ಹಾರಿಕ್ ಅಕ್ಷರಗಳು
ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದವು.
'ಬರೆದದ್ದು ಸರಿಯಾಗೇ ಇದೆ ಮಿಸ್,
ನಿಮ್ಮ ಕಂಪ್ಯೂಟರಿಗೆ ಓದಲು ಬರಲ್ಲ.'
ಬರಲ್ಲ. ಹೌದು.
ಕೆಂಪನ್ನು ಅಳಿಸಿದೆ.

ಇದಿಲ್ ಬಾವುಟ ಹಾಕಿಲ್ಲ.
ಯಾವುದು ಹಾಕಲಿ ಎಂದು ಕೇಳಿದ್ದಳು,
ಹುಟ್ಟಿದ್ದು ಡೇರೆಯಲ್ಲಿ, ಡೇರೆಗೆ ಇದ್ದದ್ದು ನಂಬರು.
ಅವಳ ತಾಣಕ್ಕೆ ಒಂದೇ ಪುಟ, ಪುಟಕ್ಕೆ ಒಂದೇ ಗುಂಡಿ.
ಒತ್ತಿದರೆ ಅಜ್ಜಿಯ ದನಿ, ಹಿಂದೆ ನಲ್ಲಿ, ಪಾತ್ರೆ,
ಯಾವುದೋ ಮಗುವಿನ ಸೀನು.
ಕೆಳಗೆ ಮೊಮ್ಮಗಳ ಟಿಪ್ಪಣಿ: ಇದು ಒಂಟೆಯ ಪದ್ಯ.
ಪ್ರತಿ ಸಾಲಿನ ಹೊಸ್ತಿಲಲ್ಲೂ ಗಕಾರವೇ ನಿಂತಿರಬೇಕು,
ಒಂದು ಸಾಲು ತಪ್ಪಿದರೂ
ಕೇಳುವವರು ಎದ್ದು ಹೋಗುತ್ತಾರಂತೆ.
ಒಂದು ಪದವೂ ತಿಳಿಯಲಿಲ್ಲ ನನಗೆ. ಆದರೂ
ಗಂಟೆ ಕಟ್ಟಿದ ಕೊರಳ ಹಾಗೆ,
ಗಾಳಿಗೆ ಗುರುತು ಹೇಳಿದ ಹಾಗೆ,
ಗ, ಗ, ಗ,
ಒಂದು ಹಿಂಡು ಕತ್ತಲಲ್ಲಿ
ನನ್ನ ಮೇಜಿನ ಮೇಲಿಂದ ಹಾದುಹೋಯಿತು.
ಎಂಟು ಸಲ ಕೇಳಿದೆ.
'ಉಳಿದೆರಡು ಕೊಂಡಿ, ನಾಲ್ಕು ಪುಟ ಎಲ್ಲಿ?'
ಯಾವ ಬಾಯಲ್ಲಿ ಕೇಳಲಿ.

ಇನ್ನು ಕೋಲ್ಟನ್ ಥಿಬೊಡೊ.
'ನಮಗೆ ಅಂಥದ್ದೇನೂ ಇಲ್ಲ ಮಿಸ್,
ನಾವು ಬರೀ ಇಲ್ಲಿಯವರು' ಅಂದಿದ್ದ.
ಅವನ ತಾಣದಲ್ಲಿ ಹಳದಿ ಟೋಪಿಯ ಮನುಷ್ಯ
ಸಲಿಕೆ ಹಿಡಿದು ಅಗೆಯುತ್ತಿದ್ದಾನೆ, ಅಗೆಯುತ್ತಲೇ ಇದ್ದಾನೆ:
'ಪುಟ ಇನ್ನೂ ಕಟ್ಟಲಾಗುತ್ತಿದೆ.'
ಸೊನ್ನೆ ಬರೆಯಲು ಕೈ ಹೋಯಿತು.

ಥಿಬೊಡೊ. ಅವನ ಮುತ್ತಜ್ಜಿ, ನನ್ನಜ್ಜಿ ಅಲ್ಫೋನ್ಸಿನ್
ಒಂದೇ ಗಿರಣಿ, ಒಂದೇ ಮಹಡಿ, ಒಂದೇ ಕೆಮ್ಮು.
ಶಾಲೆಯ ಅಂಗಳದಲ್ಲಿ ಫ್ರೆಂಚ್ ಆಡಿದ ತಪ್ಪಿಗೆ
'ಇನ್ನು ಆಡುವುದಿಲ್ಲ' ಎಂದು ನೂರು ಸಲ
ಇಂಗ್ಲಿಷಿನಲ್ಲಿ ಬರೆದವಳು ನನ್ನಜ್ಜಿ.
ಅದೇ ಅವಳ ಸಮಗ್ರ ಕೃತಿ.
ಆಮೇಲೆ ಆಡಿದ್ದು ನಿದ್ದೆಯಲ್ಲಿ, ಗೋಡೆ ಕಡೆ ತಿರುಗಿ.
ಅವಳಿಂದ ನನಗೆ ಬಂದದ್ದು ಮೂರು ಮಾತು:
ಬಾಗಿಲು ಹಾಕು. ತಿನ್ನು.
ಮೂರನೆಯದು ಬೈಗುಳ,
ಅದರ ಅರ್ಥ ಯಾರೂ ಹೇಳಲಿಲ್ಲ.

ಹಲವು ನಾಡು ಅಂತ ಪಾಠ ಮಾಡಿದೆನಲ್ಲ,
ಆ ಪಟ್ಟಿಯಲ್ಲಿ ನನ್ನದೊಂದು
ಇರಲೇ ಇಲ್ಲ ಎಂಬುದೂ ಹೊಳೆದಿರಲಿಲ್ಲ.

ಅಂಕದ ಜಾಗ ಖಾಲಿ ಬಿಟ್ಟು ಬರೆದೆ:
'ಕೋಲ್ಟನ್, ಈ ಮನುಷ್ಯ ಏನು ಅಗೆಯುತ್ತಿದ್ದಾನೆ?
ಶುಕ್ರವಾರ ಊಟದ ಬಿಡುವಿನಲ್ಲಿ ಬಾ.
ನನ್ನ ಹತ್ತಿರ ಒಂದು ಬೈಗುಳ ಇದೆ.
ನಿನ್ನ ಮನೆಯ ಹಿರಿಯರಲ್ಲಿ ಯಾರಿಗಾದರೂ
ಅದು ಗೊತ್ತಿರಬಹುದು. ಮೆಲ್ಲಗೆ ಕೇಳು,
ಪೆಟ್ಟು ಬಿದ್ದೀತು.'

ಚಹಾ ಮತ್ತೆ ಬಿಸಿಗಿಟ್ಟೆ.
ಇನ್ನೂ ಒಂಬತ್ತು.